ಹನ್ನೊಂದು ಅಕ್ಷರಗಳ ವಿಳಾಸ: ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್ ಮತ್ತು ಕೆಳದಿ ಸೀಮೆಯ ಗ್ರಾಹಕರು

ಸಾಗರ ಎಂಬ ಹೆಸರಿನ ಊರು ಈ ದೇಶದಲ್ಲಿ ಒಂದೇ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರವು ತಾಲ್ಲೂಕು ಕೇಂದ್ರವಾದರೆ ಮಧ್ಯಪ್ರದೇಶದ ಸಾಗರವು ಜಿಲ್ಲಾ ಕೇಂದ್ರ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವರು ಊರಿನಲ್ಲಿರುವ ತಂದೆತಾಯಿಯ ಖಾತೆಗೆ ಹಣ ಕಳುಹಿಸಲೆಂದು ಶಾಖೆಗಳ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಸಾಗರ್’ ಎಂದು ಹುಡುಕಿದಾಗ ಈ ಎರಡೂ ಊರುಗಳು ಒಟ್ಟಿಗೆ ಎದುರಾಗುತ್ತವೆ. ಊರಿನ ಹೆಸರೊಂದನ್ನೇ ನಂಬಿದರೆ ಇಂತಹ ಗೊಂದಲ ತಪ್ಪದು. ಆದ್ದರಿಂದಲೇ ಪ್ರತಿಯೊಂದು ಶಾಖೆಗೂ ಬೇರಾವ ಶಾಖೆಗೂ ಇಲ್ಲದ ಸಂಕೇತವೊಂದನ್ನು ನೀಡಲಾಗಿದೆ. ಅದೇ ಐಎಫ್‌ಎಸ್‌ಸಿ, ಅಂದರೆ ಇಂಡಿಯನ್ ಫೈನಾನ್ಷಿಯಲ್ ಸಿಸ್ಟಮ್ ಕೋಡ್.

ಅಡಿಕೆ ಮಂಡಿಯಿಂದ ಬೆಳೆಗಾರನಿಗೆ ಸಲ್ಲುವ ಹಣ, ಜೀವವಿಮೆಯ ಪಾಲಿಸಿ ಮುಗಿದಾಗ ಬರುವ ಮೊತ್ತ, ಆದಾಯ ತೆರಿಗೆಯ ಮರುಪಾವತಿ, ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಯ ಶುಲ್ಕ – ಇವುಗಳಲ್ಲಿ ಬಹುಪಾಲು ಇಂದು ಈ ಕೋಡ್‌ನ ಆಧಾರದಿಂದಲೇ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಸಾಗುತ್ತವೆ. ಕೆಳದಿ, ಇಕ್ಕೇರಿ, ಬಿದನೂರುಗಳನ್ನು ಒಳಗೊಂಡ ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಜನರಿಗೆ ಈ ವಿಷಯ ಇನ್ನೂ ಒಂದು ಕಾರಣದಿಂದ ಮುಖ್ಯವಾದದ್ದು. ಮಲೆನಾಡಿನ ಕುಟುಂಬಗಳು ತಲೆಮಾರುಗಳಿಂದ ವ್ಯವಹರಿಸುತ್ತಿದ್ದ ಹಲವು ಬ್ಯಾಂಕುಗಳು 2017ರಿಂದ 2020ರ ನಡುವೆ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಪೆಟ್ಟಿಗೆಯಲ್ಲಿ ಜೋಪಾನವಾಗಿರಿಸಿದ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿರುವ ಕೋಡ್ ಈಗ ಚಾಲ್ತಿಯಲ್ಲಿ ಇಲ್ಲದೆಯೇ ಇರಬಹುದು.

ಕೋಡ್‌ನ ರಚನೆ

ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರಾಂಕಗಳಿರುತ್ತವೆ. ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಬ್ಯಾಂಕನ್ನು ಸೂಚಿಸುತ್ತವೆ. ಭಾರತೀಯ ಸ್ಟೇಟ್ ಬ್ಯಾಂಕಿಗೆ ಎಸ್‌ಬಿಐಎನ್, ಕೆನರಾ ಬ್ಯಾಂಕಿಗೆ ಸಿಎನ್‌ಆರ್‌ಬಿ, ಕರ್ಣಾಟಕ ಬ್ಯಾಂಕಿಗೆ ಕೆಎಆರ್‌ಬಿ, ಬ್ಯಾಂಕ್ ಆಫ್ ಬರೋಡಾಕ್ಕೆ ಬಿಎಆರ್‌ಬಿ, ಯೂನಿಯನ್ ಬ್ಯಾಂಕಿಗೆ ಯುಬಿಐಎನ್. ಕರ್ಣಾಟಕ ಬ್ಯಾಂಕ್ ಮತ್ತು ಬರೋಡಾಗಳನ್ನು ಮಾತ್ರ ನೋಡಿದರೂ ಒಂದು ಎಚ್ಚರಿಕೆ ಸಿಗುತ್ತದೆ: ಕೆಎಆರ್‌ಬಿ ಮತ್ತು ಬಿಎಆರ್‌ಬಿಗಳ ನಡುವೆ ವ್ಯತ್ಯಾಸವಿರುವುದು ಒಂದೇ ಅಕ್ಷರದಲ್ಲಿ.

ಐದನೆಯ ಸ್ಥಾನದಲ್ಲಿ ಸದಾ ಸೊನ್ನೆ ಇರುತ್ತದೆ. ಮುಂದಿನ ಬಳಕೆಗೆಂದು ಕಾಯ್ದಿರಿಸಿದ ಸ್ಥಾನವಿದು. ಇದನ್ನು ಇಂಗ್ಲಿಷಿನ ‘ಓ’ ಎಂದು ಓದುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ದೂರವಾಣಿಯಲ್ಲಿ ಕೋಡ್ ಹೇಳುವಾಗ ಅನೇಕರು ಸೊನ್ನೆಯನ್ನು ‘ಓ’ ಎಂದೇ ಉಚ್ಚರಿಸುತ್ತಾರೆ; ಕೇಳಿದವರು ಅದನ್ನು ಹಾಗೆಯೇ ಬರೆದುಕೊಳ್ಳುತ್ತಾರೆ. ‘ಸೊನ್ನೆ’ ಎಂಬ ಸ್ವಚ್ಛವಾದ ಕನ್ನಡ ಪದ ಇಲ್ಲಿ ಇಂಗ್ಲಿಷಿಗಿಂತ ಹೆಚ್ಚು ಸುರಕ್ಷಿತ.

ಉಳಿದ ಆರು ಸ್ಥಾನಗಳು ಶಾಖೆಗೆ ಮೀಸಲು. ಹೆಚ್ಚಿನ ಬ್ಯಾಂಕುಗಳು ಇಲ್ಲಿ ಅಂಕಿಗಳನ್ನಷ್ಟೇ ಬಳಸುತ್ತವೆ. ಬ್ಯಾಂಕ್ ಆಫ್ ಬರೋಡಾ ಮಾತ್ರ ಶಾಖೆಯ ಹೆಸರನ್ನು ಹೋಲುವ ಅಕ್ಷರಗಳನ್ನು ಬಳಸುವುದರಿಂದ ಅದರ ಕೋಡ್‌ನಲ್ಲಿ ಸೊನ್ನೆ ಒಂಟಿಯಾಗಿ ಅಕ್ಷರಗಳ ಮಧ್ಯೆ ನಿಂತಿರುತ್ತದೆ. ‘ಓ’ ಎಂದು ಭ್ರಮಿಸುವ ಸಾಧ್ಯತೆ ಅಲ್ಲಿ ಇನ್ನೂ ಹೆಚ್ಚು.

ಊರಿನ ಹೆಸರಿನಿಂದ ಶಾಖೆಯನ್ನು ಹುಡುಕುವವರು ಇಂಗ್ಲಿಷ್ ಕಾಗುಣಿತದ ಬಗೆಗೂ ಗಮನ ಹರಿಸಬೇಕಾಗುತ್ತದೆ. ತೀರ್ಥಹಳ್ಳಿಯನ್ನು ಮೊದಲ ಅಕ್ಷರದ ನಂತರ ‘ಎಚ್’ ಸೇರಿಸಿಯೂ, ಸೇರಿಸದೆಯೂ ಬರೆಯುವ ರೂಢಿಯಿದೆ. ಹೊಸನಗರ, ಸಾಗರ, ಸೊರಬಗಳ ಕೊನೆಯ ‘ಎ’ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಶಿವಮೊಗ್ಗ ಎಂದಾದರೂ ‘ಶಿಮೊಗ’ ಎಂಬ ಹಳೆಯ ಇಂಗ್ಲಿಷ್ ರೂಪ ಅನೇಕ ಪಟ್ಟಿಗಳಲ್ಲಿ ಉಳಿದುಕೊಂಡಿದೆ. ಹೊಸನಗರ ತಾಲ್ಲೂಕಿನ ನಗರದ, ಅಂದರೆ ಹಿಂದಿನ ಬಿದನೂರಿನ ಪಾಡಂತೂ ಹೇಳತೀರದು. ‘ನಗರ್’ ಎಂದು ಹುಡುಕಿದರೆ ಜಯನಗರ, ರಾಜಾಜಿನಗರಗಳಿಂದ ಹಿಡಿದು ದೇಶದ ಎಲ್ಲ ಬಡಾವಣೆಗಳೂ ಬಂದು ನಿಲ್ಲುತ್ತವೆ. ಒಂದು ಕಾಲದ ರಾಜಧಾನಿಯನ್ನು ಅವುಗಳ ನಡುವೆ ಹುಡುಕಬೇಕು. ರಾಜ್ಯ, ಜಿಲ್ಲೆ ಇವೆರಡನ್ನೂ ಆರಿಸಿಕೊಂಡ ನಂತರವೇ ಶಾಖೆಯ ಹೆಸರಿಗೆ ಹೋಗುವುದು ಕ್ಷೇಮ.

ಡಿಡಿಯಿಂದ ಕೋಡ್‌ನವರೆಗೆ

ಈ ವ್ಯವಸ್ಥೆ ಬರುವುದಕ್ಕೆ ಮೊದಲು ಪರಸ್ಥಳಕ್ಕೆ ಹಣ ಕಳುಹಿಸುವವರು ಡಿಮ್ಯಾಂಡ್ ಡ್ರಾಫ್ಟ್ ತೆಗೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸುತ್ತಿದ್ದರು. ತುರ್ತಾದರೆ ಟಿಟಿ, ಅಂದರೆ ತಂತಿಯ ಮೂಲಕ ವರ್ಗಾವಣೆ. ಸಣ್ಣ ಮೊತ್ತಕ್ಕೆ ಮನಿಯಾರ್ಡರ್. ಡ್ರಾಫ್ಟಿನ ಮೇಲೆ ಹಣ ಪಡೆಯುವವರ ಹೆಸರು ಇರುತ್ತಿತ್ತು. ಬೇರೆಯವರ ಖಾತೆಗೆ ಅದನ್ನು ಜಮಾ ಮಾಡಲಾಗುತ್ತಿರಲಿಲ್ಲ. ನಿಧಾನವಾದರೂ ಹೆಸರೇ ಆಧಾರವಾಗಿದ್ದ ಪದ್ಧತಿ ಅದು. ಇಂದಿನ ಪದ್ಧತಿ ಇದಕ್ಕಿಂತ ಹೇಗೆ ಭಿನ್ನವೆಂಬುದು ಮುಂದೆ ಬರುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕು ಆರ್‌ಟಿಜಿಎಸ್ ವ್ಯವಸ್ಥೆಯನ್ನು 2004ರ ಮಾರ್ಚ್‌ನಲ್ಲಿಯೂ ಎನ್‌ಇಎಫ್‌ಟಿಯನ್ನು 2005ರ ನವೆಂಬರ್‌ನಲ್ಲಿಯೂ ಆರಂಭಿಸಿತು. ಐಎಂಪಿಎಸ್ 2010ರ ನವೆಂಬರ್‌ನಲ್ಲಿ ಬಂದಿತು. ಮೂರಕ್ಕೂ ಐಎಫ್‌ಎಸ್‌ಸಿಯೇ ಶಾಖೆಯ ಗುರುತು. ಆರ್‌ಟಿಜಿಎಸ್‌ನಲ್ಲಿ ಕಳುಹಿಸಬಹುದಾದ ಕನಿಷ್ಠ ಮೊತ್ತ 2 ಲಕ್ಷ ರೂಪಾಯಿ. ಪ್ರತಿಯೊಂದು ವರ್ಗಾವಣೆಯೂ ಪ್ರತ್ಯೇಕವಾಗಿ, ಆ ಕ್ಷಣದಲ್ಲಿಯೇ ಇತ್ಯರ್ಥವಾಗುತ್ತದೆ. ಎನ್‌ಇಎಫ್‌ಟಿಗೆ ಕನಿಷ್ಠ ಮಿತಿಯಿಲ್ಲ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಕಂತುಗಳಲ್ಲಿ ಹಣ ಸಾಗುತ್ತದೆ. ಐಎಂಪಿಎಸ್‌ನಲ್ಲಿ ಒಂದು ಸಲಕ್ಕೆ 5 ಲಕ್ಷ ರೂಪಾಯಿವರೆಗೆ ತತ್‌ಕ್ಷಣ ಕಳುಹಿಸಬಹುದು, ಆಯಾ ಬ್ಯಾಂಕು ಇದಕ್ಕಿಂತ ಕಡಿಮೆ ಮಿತಿ ಇರಿಸಿಕೊಂಡಿರಲೂಬಹುದು. ಎನ್‌ಇಎಫ್‌ಟಿ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ರಜಾದಿನಗಳೂ ಸೇರಿ ದಿನದ ಇಪ್ಪತ್ನಾಲ್ಕು ಗಂಟೆಯೂ ಲಭ್ಯ. ಆದರೆ ಕೌಂಟರಿನಲ್ಲಿ ಚಲನ್ ಬರೆದು ಕಳುಹಿಸುವವರಿಗೆ ಬ್ಯಾಂಕಿನ ಬಾಗಿಲು ತೆರೆದಿರುವ ಹೊತ್ತೇ ಮಿತಿ.

ಉಳಿತಾಯ ಖಾತೆದಾರರು ಇಂಟರ್‌ನೆಟ್ ಅಥವಾ ಮೊಬೈಲ್ ಮೂಲಕ ಕಳುಹಿಸುವ ಎನ್‌ಇಎಫ್‌ಟಿಗೆ 2020ರ ಜನವರಿ 1ರಿಂದ ಶುಲ್ಕವಿಲ್ಲ. ಶಾಖೆಯಲ್ಲಿ ಕಳುಹಿಸಿದರೆ 10 ಸಾವಿರ ರೂಪಾಯಿವರೆಗೆ ಎರಡೂವರೆ ರೂಪಾಯಿ, 1 ಲಕ್ಷದವರೆಗೆ 5 ರೂಪಾಯಿ, 2 ಲಕ್ಷದವರೆಗೆ 15 ರೂಪಾಯಿ, ಅದಕ್ಕೂ ಮೇಲೆ 25 ರೂಪಾಯಿ – ಇವು ತೆರಿಗೆಯನ್ನು ಬಿಟ್ಟು ವಿಧಿಸಬಹುದಾದ ಗರಿಷ್ಠ ಶುಲ್ಕಗಳು.

ಅಡಿಕೆ ಬೆಳೆಗಾರರಿಗೆ ಆರ್‌ಟಿಜಿಎಸ್ ಪರಿಚಿತವಾಗಲು ಇನ್ನೊಂದು ಕಾರಣವೂ ಉಂಟು. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್ 1ರಿಂದ ನಿಷೇಧಿಸಿದೆ. ವರ್ಷದ ಬೆಳೆಯನ್ನು ಒಮ್ಮೆಗೇ ಮಾರುವ ಮನೆಗಳಲ್ಲಿ ಈ ಮೊತ್ತ ಸುಲಭವಾಗಿ ದಾಟುತ್ತದೆ. ಹಾಗಾಗಿ ಮಂಡಿಯಲ್ಲಿ ತೂಕದ ಚೀಟಿಯ ಜೊತೆಗೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಬರೆದುಕೊಡುವುದು ರೂಢಿಯಾಗಿದೆ. ವರ್ಷದ ದುಡಿಮೆಯೆಲ್ಲ ಆ ಒಂದು ಚೀಟಿಯ ಅಂಕಿಗಳ ಮೇಲೆ ನಿಂತಿರುತ್ತದೆ.

ಬ್ಯಾಂಕು ಹೋಯಿತು, ಕೋಡ್ ಏನಾಯಿತು?

ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು ಆಗುಂಬೆ, ಹುಲಿಕಲ್ ಘಾಟಿಗಳನ್ನು ಹತ್ತಿ ಮಲೆನಾಡಿಗೆ ಬಂದದ್ದು ಈ ಭಾಗದ ಆರ್ಥಿಕ ಇತಿಹಾಸದ ಒಂದು ಮುಖ್ಯ ಅಧ್ಯಾಯ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಸ್ಥಾಪನೆಯಾದವು. ಹಳೆಯ ಮೈಸೂರು ಸಂಸ್ಥಾನದ ಕಡೆಯಿಂದ 1913ರಲ್ಲಿ ಸ್ಥಾಪನೆಗೊಂಡ ಮೈಸೂರು ಬ್ಯಾಂಕ್ ಇತ್ತು. ಈ ಆರರಲ್ಲಿ ಇಂದು ತಮ್ಮ ಹೆಸರಿನಲ್ಲಿಯೇ ಉಳಿದಿರುವುವು ಕೆನರಾ ಮತ್ತು ಕರ್ಣಾಟಕ ಬ್ಯಾಂಕುಗಳು ಮಾತ್ರ.

ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ಎಸ್‌ಬಿಎಂವೈ ಎಂದು ಆರಂಭವಾಗುತ್ತಿದ್ದ ಕೋಡ್‌ಗಳು ಎಸ್‌ಬಿಐಎನ್ ಆದವು. ಒಂದೇ ಊರಿನಲ್ಲಿ ಎರಡು ಸ್ಟೇಟ್ ಬ್ಯಾಂಕ್ ಶಾಖೆಗಳು ಉಂಟಾದಲ್ಲಿ ಒಂದನ್ನು ಇನ್ನೊಂದರೊಳಗೆ ಸೇರಿಸಿದ ಉದಾಹರಣೆಗಳೂ ಇವೆ. ಆದ್ದರಿಂದ ಮೊದಲ ನಾಲ್ಕು ಅಕ್ಷರಗಳನ್ನಷ್ಟೇ ತಿದ್ದಿ ಹಳೆಯ ಅಂಕಿಗಳನ್ನು ಉಳಿಸಿಕೊಂಡರೆ ಸಾಕೆಂದು ಭಾವಿಸಬಾರದು.

ವಿಜಯಾ ಬ್ಯಾಂಕು ದೇನಾ ಬ್ಯಾಂಕಿನೊಂದಿಗೆ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ವಿಐಜೆಬಿ ಎಂಬ ಹಳೆಯ ಕೋಡ್‌ಗಳು 2021ರ ಮಾರ್ಚ್ 1ರಿಂದ ನಿಂತುಹೋದವು. ಹೊಸ ಕೋಡ್‌ಗಳಲ್ಲಿ ಬಿಎಆರ್‌ಬಿ ಮತ್ತು ಸೊನ್ನೆಯ ನಂತರ ಸಾಮಾನ್ಯವಾಗಿ ‘ವಿಜೆ’ ಎಂಬ ಎರಡಕ್ಷರ ಕಾಣುತ್ತದೆ. ವಿಜಯಾ ಬ್ಯಾಂಕಿನ ಹೆಸರು ಉಳಿದಿರುವುದು ಈಗ ಅಷ್ಟರಲ್ಲಿಯೇ. ಇಲ್ಲಿ ಖಾತೆ ಸಂಖ್ಯೆಗಳೂ ಬದಲಾದವು ಎಂಬುದನ್ನು ನೆನಪಿಡಬೇಕು.

ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕನ್ನು ಸೇರಿತು. ಇದರ ಕೋಡ್ ಬದಲಾವಣೆ ಲೆಕ್ಕದ ಮೇಷ್ಟರೊಬ್ಬರು ಮಾಡಿದಂತಿದೆ: ಎಸ್‌ವೈಎನ್‌ಬಿಯ ಜಾಗದಲ್ಲಿ ಸಿಎನ್‌ಆರ್‌ಬಿ, ಶಾಖೆಯ ಸಂಖ್ಯೆಗೆ ಹತ್ತು ಸಾವಿರ ಕೂಡಿಸುವುದು. ಹಳೆಯ ಕೋಡ್ ಎಸ್‌ವೈಎನ್‌ಬಿ 0001234 ಎಂದಿತ್ತೆಂದು ಊಹಿಸಿಕೊಂಡರೆ ಹೊಸದು ಸಿಎನ್‌ಆರ್‌ಬಿ 0011234. ಹತ್ತು ಸಾವಿರ ಕೂಡಿಸದೆ ಅಕ್ಷರಗಳನ್ನು ಮಾತ್ರ ಬದಲಿಸಿದರೆ ಆ ಕೋಡ್ ದೇಶದ ಇನ್ನೆಲ್ಲಿಯೋ ಇರುವ ಮೂಲ ಕೆನರಾ ಶಾಖೆಯದ್ದಾಗಿಬಿಡಬಹುದು. ಹಳೆಯ ಸಿಂಡಿಕೇಟ್ ಕೋಡ್‌ಗಳು 2021ರ ಜುಲೈ 1ರಿಂದ ಅಮಾನ್ಯವಾದವು.

ಕಾರ್ಪೊರೇಷನ್ ಬ್ಯಾಂಕು ಅದೇ 2020ರ ಏಪ್ರಿಲ್ 1ರಂದು ಆಂಧ್ರ ಬ್ಯಾಂಕಿನೊಡನೆ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಇಲ್ಲಿಯ ಕ್ರಮವೇ ಬೇರೆ. ಸೊನ್ನೆಯ ನಂತರದ ಸ್ಥಾನದಲ್ಲಿ ಕಾರ್ಪೊರೇಷನ್ ಶಾಖೆಗಳಿಗೆ ಒಂಬತ್ತು, ಆಂಧ್ರ ಬ್ಯಾಂಕ್ ಶಾಖೆಗಳಿಗೆ ಎಂಟು ಎಂಬ ಅಂಕಿ ಬಂದಿತು. ಸಿಒಆರ್‌ಪಿ 0000123 ಎಂಬುದು ಯುಬಿಐಎನ್ 0900123 ಆದಂತೆ. ಹಳೆಯ ಕೋಡ್‌ಗಳ ಬಳಕೆ 2021ರ ಮಾರ್ಚ್ ಅಂತ್ಯಕ್ಕೆ ಮುಗಿಯಿತು.

ಈ ಸೂತ್ರಗಳು ಹಳೆಯ ಪಾಸ್‌ಬುಕ್ ಕೈಯಲ್ಲಿರುವಾಗ ಹೊಸ ಕೋಡ್ ಏನಿರಬಹುದೆಂದು ಅಂದಾಜಿಸಲು ಉಪಯುಕ್ತ. ಆದರೆ ಅಂದಾಜಿನ ಮೇಲೆ ಹಣ ಕಳುಹಿಸುವುದು ಸಲ್ಲದು. ವಿಲೀನದ ನಂತರ ಅಕ್ಕಪಕ್ಕದ ಶಾಖೆಗಳನ್ನು ಒಂದುಗೂಡಿಸಿದಲ್ಲಿ ಸೂತ್ರ ಕೈಕೊಡುತ್ತದೆ.

ಗ್ರಾಮೀಣ ಬ್ಯಾಂಕಿನ ಕಥೆ ಇನ್ನೂ ಸ್ವಾರಸ್ಯಕರ. ಶಿವಮೊಗ್ಗ ಜಿಲ್ಲೆಯವರಿಗೆ ಪರಿಚಿತವಾಗಿದ್ದ ಸಹ್ಯಾದ್ರಿ ಗ್ರಾಮೀಣ ಬ್ಯಾಂಕು 2005ರಲ್ಲಿ ತುಂಗಭದ್ರಾ, ಚಿತ್ರದುರ್ಗ, ಕೋಲಾರ ಗ್ರಾಮೀಣ ಬ್ಯಾಂಕುಗಳೊಡನೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು. 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕನ್ನು ಕೂಡಿಕೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕ್, 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಇಡೀ ರಾಜ್ಯದ ಒಂದೇ ಗ್ರಾಮೀಣ ಬ್ಯಾಂಕ್. ಇಪ್ಪತ್ತು ವರ್ಷಗಳಲ್ಲಿ ಗ್ರಾಹಕನು ಕುಳಿತಲ್ಲಿಯೇ ನಾಲ್ಕು ಬಾರಿ ಬ್ಯಾಂಕು ಬದಲಿಸಿದಂತಾಯಿತು. ಆದರೆ 2019ರಲ್ಲಿ ಹೆಸರು ಬದಲಾದಾಗ ಪಿಕೆಜಿಬಿ ಎಂಬ ಅಕ್ಷರಗಳು ಬದಲಾಗಲಿಲ್ಲ. ಪ್ರಗತಿ ಕೃಷ್ಣಾ ಎಂಬ ಹೆಸರು ಫಲಕದಿಂದ ಇಳಿದರೂ ಕೋಡ್‌ನಲ್ಲಿ ಮುಂದುವರಿಯಿತು. ಕೆಳದಿ ಸೀಮೆಯವರಿಗೆ ಇದು ಹೊಸತಲ್ಲ. ಕೆಳದಿಯ ಅರಸರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೂ ಅವರ ನಾಣ್ಯಕ್ಕೆ ಇಕ್ಕೇರಿ ವರಹವೆಂಬ ಹೆಸರೇ ನಿಂತಿತು.

ಅಂದರೆ, ಬ್ಯಾಂಕಿನ ಹೆಸರು ಬದಲಾದಾಗಲೆಲ್ಲ ಕೋಡ್ ಬದಲಾಗುತ್ತದೆ ಎಂದಲ್ಲ. ಬದಲಾಗದೆ ಉಳಿಯುತ್ತದೆ ಎಂದೂ ಅಲ್ಲ. ವಿಮಾ ಪಾಲಿಸಿ, ಪಿಂಚಣಿ, ಷೇರಿನ ಡಿವಿಡೆಂಡ್, ಆದಾಯ ತೆರಿಗೆಯ ಪೋರ್ಟಲ್ ಮೊದಲಾದ ಕಡೆ ಹಿಂದೆಂದೋ ಕೊಟ್ಟ ಖಾತೆಯ ವಿವರ ಹಾಗೆಯೇ ಉಳಿದಿರುತ್ತದೆ. ವಿಲೀನಗೊಂಡ ಬ್ಯಾಂಕಿನ ಗ್ರಾಹಕರು ಅಲ್ಲೆಲ್ಲ ಒಮ್ಮೆ ಪರಿಶೀಲಿಸಿಕೊಳ್ಳುವುದು ಅಗತ್ಯ. ಹತ್ತಾರು ವರ್ಷ ಕಟ್ಟಿದ ಪಾಲಿಸಿಯ ಹಣ ಕೋಡ್ ಸರಿಯಿಲ್ಲವೆಂಬ ಕಾರಣಕ್ಕೆ ಹಿಂದಿರುಗಿದರೆ, ಅದನ್ನು ಮತ್ತೆ ಪಡೆಯುವ ಓಡಾಟ ವೃದ್ಧರಿಗೆ ದುಬಾರಿಯಾದೀತು.

ಸೊಸೈಟಿ, ಡಿಸಿಸಿ ಬ್ಯಾಂಕ್, ಅಂಚೆ ಕಚೇರಿ

ಮಲೆನಾಡಿನ ಅನೇಕ ರೈತರ ಮೊದಲ ಖಾತೆ ಇರುವುದು ಬ್ಯಾಂಕಿನಲ್ಲಲ್ಲ, ಊರಿನ ಸೊಸೈಟಿಯಲ್ಲಿ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವು ಠೇವಣಿ ಪಡೆದು ಪಾಸ್‌ಬುಕ್ ನೀಡಿದರೂ ಅದು ಬ್ಯಾಂಕಲ್ಲ. ಅದಕ್ಕೆ ತನ್ನದೇ ಐಎಫ್‌ಎಸ್‌ಸಿ ಇರುವುದಿಲ್ಲ. ಸೊಸೈಟಿಯ ಉಳಿತಾಯ ಖಾತೆಯ ಸಂಖ್ಯೆಯನ್ನು ಡಿಸಿಸಿ ಬ್ಯಾಂಕಿನ ಕೋಡ್‌ನೊಂದಿಗೆ ಜೋಡಿಸಿ ಕೊಡುವ ತಪ್ಪನ್ನು ಮಾಡಬಾರದು. ಹೊರಗಿನಿಂದ ಸದಸ್ಯನ ಖಾತೆಗೆ ಹಣ ಬರಬೇಕಾದರೆ ಬ್ಯಾಂಕಿನಲ್ಲಿರುವ ಸಂಘದ ಖಾತೆಗೆ ಕಳುಹಿಸಿ, ಷರಾದಲ್ಲಿ ಸದಸ್ಯನ ಹೆಸರು, ಸಂಖ್ಯೆ ನಮೂದಿಸಿ, ಸಂಘದ ಕಾರ್ಯದರ್ಶಿಯವರಿಗೆ ಮುಂಚಿತವಾಗಿ ತಿಳಿಸಬೇಕಾಗುತ್ತದೆ.

ಸಹಕಾರಿ ಬ್ಯಾಂಕುಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅನೇಕ ಸಹಕಾರಿ ಬ್ಯಾಂಕುಗಳು ಎನ್‌ಇಎಫ್‌ಟಿ ವ್ಯವಸ್ಥೆಯಲ್ಲಿ ನೇರ ಸದಸ್ಯರಾಗಿರದೆ ದೊಡ್ಡ ಬ್ಯಾಂಕೊಂದರ ಮೂಲಕ ಪಾಲ್ಗೊಳ್ಳುತ್ತವೆ. ಅಂತಹ ಶಾಖೆಗಳ ಕೋಡ್‌ನಲ್ಲಿ ಮೊದಲ ನಾಲ್ಕು ಅಕ್ಷರಗಳು ಆ ದೊಡ್ಡ ಬ್ಯಾಂಕಿನವೇ ಆಗಿರುತ್ತವೆ. ಪಾಸ್‌ಬುಕ್ಕಿನಲ್ಲಿ ಬ್ಯಾಂಕಿನ ಹೆಸರು ಒಂದು, ಕೋಡ್‌ನಲ್ಲಿ ಇನ್ನೊಂದು ಕಂಡರೆ ಗಾಬರಿಯಾಗಬೇಕಿಲ್ಲ. ಶಾಖೆಯಲ್ಲಿ ಒಮ್ಮೆ ವಿಚಾರಿಸಿದರೆ ಸಾಕು.

ಅಂಚೆಯಲ್ಲಂತೂ ಶಾಖೆಯ ಕೋಡ್ ಎಂಬ ಮಾತಿಗೇ ಅರ್ಥವಿಲ್ಲ. ಆಗುಂಬೆಯದಾಗಲಿ, ದೆಹಲಿಯದಾಗಲಿ, ಎಲ್ಲ ಅಂಚೆ ಉಳಿತಾಯ ಖಾತೆಗಳಿಗೂ ಒಂದೇ ಕೋಡ್: ಐಪಿಒಎಸ್ ನಂತರ ನಾಲ್ಕು ಸೊನ್ನೆ, ಕೊನೆಯಲ್ಲಿ ಡಿಒಪಿ. 2022ರ ಮೇ ತಿಂಗಳಿನಿಂದ ಈ ಖಾತೆಗಳಿಗೆ ಎನ್‌ಇಎಫ್‌ಟಿ ಸೌಲಭ್ಯ ದೊರೆತಿದೆ. 2018ರ ಸೆಪ್ಟೆಂಬರ್ 1ರಂದು ಆರಂಭವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಕೋಡ್ ಬೇರೆ: ಐಪಿಒಎಸ್ 0000001. ಇದೂ ದೇಶಕ್ಕೆಲ್ಲ ಒಂದೇ. ಒಬ್ಬರೇ ಪೋಸ್ಟ್‌ಮ್ಯಾನ್ ಎರಡೂ ಕೆಲಸ ಮಾಡುವುದರಿಂದ ಹಳ್ಳಿಗಳಲ್ಲಿ ಈ ಎರಡು ಖಾತೆಗಳನ್ನು ಒಂದೇ ಎಂದು ತಿಳಿಯುವವರು ಬಹಳ.

ಹೆಸರನ್ನು ಯಾರು ನೋಡುತ್ತಾರೆ?

ಇಡೀ ವಿಷಯದಲ್ಲಿ ಗ್ರಾಹಕರು ತಿಳಿಯಲೇಬೇಕಾದ ಸಂಗತಿಯಿದು. ಚಲನ್‌ನಲ್ಲಿ ಅಥವಾ ಮೊಬೈಲಿನಲ್ಲಿ ಹಣ ಪಡೆಯುವವರ ಹೆಸರನ್ನು ಬರೆಯಿಸಿಕೊಳ್ಳಲಾಗುತ್ತದೆ. ಆದ್ದರಿಂದ ಹೆಸರಿಗೂ ಖಾತೆ ಸಂಖ್ಯೆಗೂ ಹೊಂದಿಕೆಯಾಗದಿದ್ದರೆ ಬ್ಯಾಂಕು ತಡೆಯುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ಅದು ನಿಜವಲ್ಲ. ರಿಸರ್ವ್ ಬ್ಯಾಂಕಿನ 2010ರ ಅಕ್ಟೋಬರ್ 14ರ ಸುತ್ತೋಲೆಯ ಪ್ರಕಾರ ಇಂತಹ ವರ್ಗಾವಣೆಗಳಲ್ಲಿ ಖಾತೆ ಸಂಖ್ಯೆಯೊಂದರ ಆಧಾರದ ಮೇಲೆಯೇ ಹಣ ಜಮಾ ಆಗಬಹುದು. ಸಂಖ್ಯೆಯನ್ನು ಸರಿಯಾಗಿ ಕೊಡುವ ಹೊಣೆ ಕಳುಹಿಸುವವರದು. ಡ್ರಾಫ್ಟಿನ ಕಾಲದಲ್ಲಿ ಹೆಸರು ಮಾಡುತ್ತಿದ್ದ ಕಾವಲನ್ನು ಈಗ ಸಂಖ್ಯೆ ಮಾಡಬೇಕಾಗಿದೆ.

ಹಾಗಾದರೆ ತಪ್ಪು ಎಲ್ಲಿ ಆದರೆ ಏನಾಗುತ್ತದೆ? ಕೋಡ್‌ನ ಶಾಖೆ ತಪ್ಪಾಗಿ, ಬ್ಯಾಂಕ್ ಸರಿಯಿದ್ದು, ಖಾತೆ ಸಂಖ್ಯೆಯೂ ಸರಿಯಿದ್ದರೆ ಹಣ ಸಾಮಾನ್ಯವಾಗಿ ಸರಿಯಾದವರಿಗೇ ತಲುಪುತ್ತದೆ. ಕೋರ್ ಬ್ಯಾಂಕಿಂಗ್ ವ್ಯವಸ್ಥೆಯಲ್ಲಿ ಒಂದು ಬ್ಯಾಂಕಿನೊಳಗೆ ಒಂದು ಖಾತೆ ಸಂಖ್ಯೆ ಒಬ್ಬರಿಗೇ ಇರುವುದು ಇದಕ್ಕೆ ಕಾರಣ. ಬ್ಯಾಂಕೇ ತಪ್ಪಾಗಿದ್ದು ಅಲ್ಲಿ ಆ ಸಂಖ್ಯೆಯ ಖಾತೆ ಇಲ್ಲದಿದ್ದರೆ ಹಣ ಹಿಂದಿರುಗುತ್ತದೆ. ಎನ್‌ಇಎಫ್‌ಟಿಯಲ್ಲಿ ಆಯಾ ಕಂತು ಇತ್ಯರ್ಥವಾದ ಎರಡು ಗಂಟೆಯೊಳಗೆ ಪಡೆಯುವ ಬ್ಯಾಂಕು ಹಣವನ್ನು ಜಮಾ ಮಾಡಬೇಕು, ಇಲ್ಲವೇ ಹಿಂದಿರುಗಿಸಬೇಕು. ತಡವಾದರೆ ರೆಪೊ ದರಕ್ಕೆ ಶೇಕಡಾ 2 ಸೇರಿಸಿ ಬಡ್ಡಿ ಕೊಡಬೇಕೆಂಬ ನಿಯಮವಿದೆ. ಗ್ರಾಹಕರು ಕೇಳದೆಯೇ ಕೊಡಬೇಕಾದ ಬಡ್ಡಿ ಅದು.

ಅಪಾಯವಿರುವುದು ಖಾತೆ ಸಂಖ್ಯೆಯಲ್ಲಿ. ಒಂದು ಅಂಕಿ ತಪ್ಪಿ, ಆ ತಪ್ಪು ಸಂಖ್ಯೆಯ ಖಾತೆ ಬೇರೊಬ್ಬರದಾಗಿ ನಿಜವಾಗಿಯೂ ಅಸ್ತಿತ್ವದಲ್ಲಿದ್ದರೆ ಹಣ ಅವರಿಗೆ ಸೇರುತ್ತದೆ. ಆಗ ಐಎಫ್‌ಎಸ್‌ಸಿ ಸರಿಯಿದ್ದೂ ಪ್ರಯೋಜನವಿಲ್ಲ. ತಕ್ಷಣ ಮಾಡಬೇಕಾದದ್ದು ತಮ್ಮ ಬ್ಯಾಂಕಿಗೆ ಲಿಖಿತವಾಗಿ ತಿಳಿಸುವುದು. ಅರ್ಜಿಯಲ್ಲಿ ವರ್ಗಾವಣೆಯ ಯುಟಿಆರ್ ಸಂಖ್ಯೆ ಇರಲೇಬೇಕು. ಎನ್‌ಇಎಫ್‌ಟಿಗೆ ಇದು 16 ಅಕ್ಷರಾಂಕಗಳದು, ಆರ್‌ಟಿಜಿಎಸ್‌ಗೆ 22. ಐಎಂಪಿಎಸ್‌ನಲ್ಲಿ 12 ಅಂಕಿಗಳ ಉಲ್ಲೇಖ ಸಂಖ್ಯೆ ಇರುತ್ತದೆ. ಕಳುಹಿಸಿದ ಬ್ಯಾಂಕು ಪಡೆದ ಬ್ಯಾಂಕನ್ನು ಸಂಪರ್ಕಿಸುತ್ತದೆ, ಆ ಬ್ಯಾಂಕು ತನ್ನ ಗ್ರಾಹಕರನ್ನು ಕೇಳುತ್ತದೆ. ಅವರ ಒಪ್ಪಿಗೆಯಿಲ್ಲದೆ ಹಣವನ್ನು ಎಳೆದು ಕೊಡಲು ಬ್ಯಾಂಕು ಸಾಮಾನ್ಯವಾಗಿ ಮುಂದಾಗದು. ಹಾಗೆಂದು ತಪ್ಪಿ ಬಂದ ಹಣ ಪಡೆದವರದಾಗುವುದಿಲ್ಲ: 1872ರ ಭಾರತೀಯ ಕರಾರು ಕಾಯಿದೆಯ 72ನೆಯ ಕಲಮು ತಪ್ಪಾಗಿ ಸಂದಾಯವಾದ ಹಣವನ್ನು ಹಿಂದಿರುಗಿಸಲೇಬೇಕೆಂದು ಹೇಳುತ್ತದೆ. ಕೊನೆಗೆ ನ್ಯಾಯಾಲಯದ ದಾರಿ ಇದ್ದೇ ಇದೆ. ಆದರೆ ಐದು ಸಾವಿರ ರೂಪಾಯಿಗೆ ಆ ದಾರಿ ತುಳಿಯುವವರು ಎಷ್ಟು ಮಂದಿ?

ಬ್ಯಾಂಕು ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಇದು ಬ್ಯಾಂಕಿನ ಸೇವಾಲೋಪಕ್ಕೆ ಮಾತ್ರ. ಗ್ರಾಹಕರೇ ಸಂಖ್ಯೆ ತಪ್ಪಿ ಬರೆದಿದ್ದರೆ ಓಂಬುಡ್ಸ್‌ಮನ್ ಹಣ ಕೊಡಿಸುತ್ತಾರೆಂಬ ಭರವಸೆಯಿಲ್ಲ. ಮೋಸದಿಂದ ಹಣ ಹೋಗಿದ್ದರೆ ಮಾತು ಬೇರೆ. ಆಗ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಈ ಕೊರತೆಯನ್ನು ತುಂಬುವ ಕ್ರಮವೊಂದು ತಡವಾಗಿಯಾದರೂ ಬಂದಿದೆ. ಯುಪಿಐ, ಐಎಂಪಿಎಸ್‌ಗಳಲ್ಲಿ ಹಣ ಕಳುಹಿಸುವ ಮೊದಲು ಖಾತೆದಾರರ ಹೆಸರನ್ನು ನೋಡುವ ಅವಕಾಶ ಮೊದಲಿನಿಂದ ಇತ್ತು. ಆರ್‌ಟಿಜಿಎಸ್, ಎನ್‌ಇಎಫ್‌ಟಿಗಳಿಗೂ ಅದನ್ನು ವಿಸ್ತರಿಸುವಂತೆ ರಿಸರ್ವ್ ಬ್ಯಾಂಕು 2024ರ ಡಿಸೆಂಬರ್ 30ರಂದು ಆದೇಶಿಸಿ, ಬ್ಯಾಂಕುಗಳಿಗೆ 2025ರ ಏಪ್ರಿಲ್ 1ರ ಗಡುವು ನೀಡಿತು. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎರಡನ್ನೂ ನಮೂದಿಸಿದರೆ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು ತೆರೆಯ ಮೇಲೆ ಬರುತ್ತದೆ. ಇದಕ್ಕೆ ಶುಲ್ಕವಿಲ್ಲ, ಶಾಖೆಗೆ ಹೋಗಿ ಕಳುಹಿಸುವವರಿಗೂ ಈ ಸೌಲಭ್ಯ ಒದಗಿಸಬೇಕೆಂದು ಆದೇಶದಲ್ಲಿದೆ. ಕೌಂಟರಿನಲ್ಲಿ ‘ಹೆಸರು ಏನೆಂದು ತೋರಿಸುತ್ತದೆ?’ ಎಂದು ಕೇಳುವುದು ಗ್ರಾಹಕರ ಹಕ್ಕು. ಕೇಳಲು ಸಂಕೋಚಪಡಬೇಕಾಗಿಲ್ಲ.

ದೊಡ್ಡ ಮೊತ್ತ ಕಳುಹಿಸುವ ಮೊದಲು ಒಂದು ರೂಪಾಯಿ ಕಳುಹಿಸಿ, ಅದು ತಲುಪಿತೆಂದು ದೂರವಾಣಿಯಲ್ಲಿ ದೃಢಪಡಿಸಿಕೊಳ್ಳುವ ಹಳೆಯ ಪದ್ಧತಿಯೂ ಕೆಟ್ಟದ್ದಲ್ಲ. ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಒಂದು ತಪ್ಪು ಅಂಕಿಯ ಬೆಲೆ ಚೆನ್ನಾಗಿ ಗೊತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಸಾಗರಕ್ಕೆ ಬರಬೇಕಾದರೆ ಲಾಂಚ್‌ಗಾಗಿ ಕಾಯಬೇಕಿತ್ತು. ಒಂದು ಅರ್ಜಿಗೆ ಒಂದು ದಿನ.

ಕೋಡ್ ಬೇಡದ ಹಣ

ಗೃಹಲಕ್ಷ್ಮಿಯ 2 ಸಾವಿರ ರೂಪಾಯಿ ಬಂದಿಲ್ಲವೆಂದು ಐಎಫ್‌ಎಸ್‌ಸಿ ಸರಿಪಡಿಸಲು ಬ್ಯಾಂಕಿಗೆ ಬರುವವರಿದ್ದಾರೆ. ಇಂತಹ ನೇರ ನಗದು ವರ್ಗಾವಣೆಯ ಹಣ ಆಧಾರ್ ಸಂಖ್ಯೆಯ ಮೂಲಕ ಬರುವುದರಿಂದ ಇಲ್ಲಿ ಶಾಖೆಯ ಕೋಡ್‌ಗೆ ಪಾತ್ರವಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹಣ ಹೋಗುತ್ತದೆ. ಅಂಚೆಯವರ ಬಳಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದವರು ಹಳೆಯ ಬ್ಯಾಂಕಿನಲ್ಲಿ ಹಣ ಹುಡುಕಿದರೆ ಸಿಗದು. ಪಿಎಂ ಕಿಸಾನ್ ಹಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

2016ರಲ್ಲಿ ಬಂದ ಯುಪಿಐನಲ್ಲಿ ಕೋಡ್ ಕಣ್ಣಿಗೆ ಬೀಳುವುದಿಲ್ಲವಷ್ಟೆ. ಮೊಬೈಲ್ ಸಂಖ್ಯೆಯ ಹಿಂದೆ ಖಾತೆಯ ವಿವರ ಅಡಗಿರುತ್ತದೆ.

ಎಲ್ಲಿ ನೋಡಬೇಕು

ಚೆಕ್ ಹಾಳೆಯಲ್ಲಿ ಶಾಖೆಯ ವಿಳಾಸದ ಹತ್ತಿರ ಐಎಫ್‌ಎಸ್‌ಸಿ ಮುದ್ರಿತವಾಗಿರುತ್ತದೆ. ಕೆಳಗಿನ ಬಿಳಿ ಪಟ್ಟಿಯಲ್ಲಿರುವ ಒಂಬತ್ತು ಅಂಕಿಗಳ ಎಂಐಸಿಆರ್ ಬೇರೆ. ಮೂರು ಅಂಕಿ ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ ಎಂದು ವಿಂಗಡಿಸಿದ ಈ ಸಂಖ್ಯೆ ಚೆಕ್ ಕ್ಲಿಯರಿಂಗ್‌ಗೆ ಸಂಬಂಧಿಸಿದ್ದು. ಹಳೆಯ ಪಾಸ್‌ಬುಕ್ ಇರುವವರು ಹೊಸದನ್ನು ಮುದ್ರಿಸಿಕೊಂಡರೆ ಅರ್ಧ ಸಮಸ್ಯೆ ಮುಗಿದಂತೆ. ಕೆನರಾ ಬ್ಯಾಂಕಿನ ಹಳೆಯ 13 ಅಂಕಿಗಳ ಖಾತೆ ಸಂಖ್ಯೆಯಲ್ಲಿ ಮೊದಲ ನಾಲ್ಕು ಅಂಕಿಗಳು ಖಾತೆ ತೆರೆದ ಶಾಖೆಯ ಸಂಖ್ಯೆಯೇ ಆಗಿರುವುದರಿಂದ ಕೋಡ್‌ನ ಕೊನೆಯ ನಾಲ್ಕು ಅಂಕಿಗಳೊಡನೆ ತಾಳೆ ನೋಡಬಹುದು. ಖಾತೆಯನ್ನು ಬೇರೆ ಶಾಖೆಗೆ ವರ್ಗಾಯಿಸಿಕೊಂಡವರಿಗೆ ಮಾತ್ರ ಇದು ಹೊಂದದು.

ಎಲ್ಲ ಬ್ಯಾಂಕುಗಳ ಕೋಡ್‌ಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಅಧಿಕೃತ ತಾಣದಲ್ಲಿದೆ. ಖಾಸಗಿ ತಾಣಗಳ ಪಟ್ಟಿಗಳಲ್ಲಿ ವಿಲೀನಕ್ಕೆ ಮುಂಚಿನ ಕೋಡ್‌ಗಳು ಇನ್ನೂ ಉಳಿದಿರುವುದುಂಟು. ಅಲ್ಲಿ ಶಾಖೆಯದೆಂದು ಕೊಟ್ಟ ದೂರವಾಣಿ ಸಂಖ್ಯೆಗಳನ್ನು ನಂಬಿ ಕರೆ ಮಾಡಿ, ಕೇಳಿದವರಿಗೆ ಒಟಿಪಿ ಹೇಳಿದರೆ ಕೋಡ್ ಹುಡುಕಲು ಹೋಗಿ ಖಾತೆಯನ್ನೇ ಕಳೆದುಕೊಂಡಂತಾಗುತ್ತದೆ. ಐಎಫ್‌ಎಸ್‌ಸಿ ಗುಟ್ಟಿನ ಸಂಖ್ಯೆಯಲ್ಲ, ಅದನ್ನು ಯಾರಿಗೆ ಬೇಕಾದರೂ ಹೇಳಬಹುದು. ಆದರೆ ಅದನ್ನು ತಿಳಿಸಲು ಯಾವ ಬ್ಯಾಂಕೂ ಒಟಿಪಿ ಕೇಳುವುದಿಲ್ಲ.

ವಿದೇಶದಲ್ಲಿರುವ ಮಕ್ಕಳು ಊರಿಗೆ ಹಣ ಕಳುಹಿಸುವಾಗ ಕೇಳುವುದು ಬಹುತೇಕ ಸ್ವಿಫ್ಟ್ ಕೋಡನ್ನು. ಎಂಟು ಅಥವಾ ಹನ್ನೊಂದು ಅಕ್ಷರಗಳ ಈ ಕೋಡ್ ದೇಶದೇಶಗಳ ನಡುವಿನ ವ್ಯವಹಾರಕ್ಕೆ ಸಂಬಂಧಿಸಿದ್ದು. ಸಣ್ಣ ಊರಿನ ಶಾಖೆಗಳಿಗೆ ಪ್ರತ್ಯೇಕವಾಗಿ ಇರದೆ, ದೊಡ್ಡ ನಗರದ ಶಾಖೆಯೊಂದರ ಮೂಲಕ ಹಣ ಬರುವುದು ಸಾಮಾನ್ಯ. ಆಗ ಆ ನಗರದ ಶಾಖೆಯ ಸ್ವಿಫ್ಟ್ ಕೋಡ್ ಜೊತೆಗೆ ಸ್ವಂತ ಶಾಖೆಯ ಐಎಫ್‌ಎಸ್‌ಸಿ, ಪೂರ್ಣ ಖಾತೆ ಸಂಖ್ಯೆ ಇವೆಲ್ಲವನ್ನೂ ಶಾಖೆಯಲ್ಲಿ ಬರೆಯಿಸಿಕೊಂಡು ಕಳುಹಿಸಬೇಕು.